ಬೀನ್ ಬ್ಯಾಗಲ್ಲಿ ಕಸೂತಿ

ಕಸೂತಿ ಕಲಿಸೋಕೆ ಬೇಕಾಗೋದು ಕೂರೋಕೆ ಗಟ್ಟಿ ಕುರ್ಚಿ, ಸಾಮಾನು ಇಡೋಕೆ ಟೇಬಲ್, ನೋಡೋಕೆ ಬೆಳಕು, ಇಷ್ಟೇ. ಬೆಂಗ್ಳೂರಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗೋ ಕ್ರಿಯೇಟಿವ್ ಜಾಗಗಳಲ್ಲಿ ಇದನ್ನ ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತೆ. ಉಯ್ಯಾಲೆ ಇರುತ್ತೆ, ಎಲೆ ತೂತು ತೂತಾಗಿರೋ ಗಿಡ ಇರುತ್ತೆ, ಗೋಡೆ ಮೇಲೆ ಗುಲಾಬಿ ನಿಯಾನ್ ದೀಪದಲ್ಲಿ ಇಂಗ್ಲಿಷಲ್ಲಿ ಏನೋ ಧೈರ್ಯ ಹೇಳಿರುತ್ತೆ, ಬಾತ್‌ರೂಮಲ್ಲಿ ಸುವಾಸನೆ ಕ್ಯಾಂಡಲ್ ಇರುತ್ತೆ, ಬೋಲ್ಟ್ ಮಾತ್ರ ಇರಲ್ಲ.

ನಮ್ಮ ಪಕ್ಕದ ಬಿಲ್ಡಿಂಗಲ್ಲಿ ಧಾರವಾಡದ ಕಾಕು ಒಬ್ರು ಇದಾರೆ, ಮಗನ ಮನೆಗೆ ಅಂತ ಬಂದೋರು, ಇಲ್ಲೇ ಉಳ್ಕೊಂಡ್ರು. ಇಳಕಲ್ ಸೀರೆ ಮೇಲೆ ಕಸೂತಿ ಹಾಕ್ತಾರೆ ಅಂದ್ರೆ ನಿಂತು ನೋಡ್ಬೇಕು, ಪೆನ್ಸಿಲ್ಲಲ್ಲಿ ಗೆರೆ ಹಾಕ್ಕೊಳ್ಳಲ್ಲ, ಟ್ರೇಸಿಂಗ್ ಪೇಪರ್ ಇಲ್ಲ, ಬಟ್ಟೆ ಎಳೆ ಎಣಿಸ್ಕೊಂಡು ಗೋಪುರ, ತುಳಸಿಕಟ್ಟೆ, ತೇರು, ಆನೆ ಎಲ್ಲ ಎಬ್ಬಿಸಿಬಿಡ್ತಾರೆ. ಇದನ್ನ ನಾಲ್ಕು ಜನಕ್ಕೆ ಕಲ್ಸಿ ಕಾಕು ಅಂತ ನಾನೇ ಗಂಟುಬಿದ್ದೆ. ಅವರು ಹೂಂ ಅಂದ್ರು. ಕಲ್ಸೋದು ಅವರು, ಜಾಗ, ದುಡ್ಡು, ಬಿಸ್ಕೆಟ್ ಇವೆಲ್ಲ ನಂದು ಅಂತ ಒಪ್ಪಂದ ಆಯ್ತು.

ಜಯನಗರದಲ್ಲಿ ಒಂದು ಕೆಫೆ ಮೇಲಿನ ಟೆರೇಸ್ ನೋಡಿದ್ವಿ. ಬಾಡಿಗೆ ಏನೂ ಇಲ್ಲ, ಆದ್ರೆ ಬಂದೋರೆಲ್ಲ ಇಷ್ಟು ರೂಪಾಯಿಗೆ ತಿನ್ಲೇಬೇಕು ಅಂದ್ರು, ಆ ಮೆನು ನೋಡಿದ್ರೆ ಬಾಡಿಗೆ ಕೊಡೋದೇ ಅಗ್ಗ ಅನ್ನಿಸ್ತು. ಇಂದಿರಾನಗರದ್ದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಕೋರಮಂಗಲದಲ್ಲಿ ಒಂದು ಕೋವರ್ಕಿಂಗ್ ಆಫೀಸಿನ ಮೀಟಿಂಗ್ ರೂಮ್ ಸಿಕ್ತು, ಎಸಿ ರಿಮೋಟ್ ಯಾರತ್ರ ಇದೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ, ಕಾಕು ಐದು ನಿಮಿಷ ಕೂತು ಶಾಲು ಹೊದ್ಕೊಂಡು ಎದ್ದುಬಂದ್ರು.

ಕೊನೆಗೆ ಬಸವನಗುಡಿ. ಬುಲ್ ಟೆಂಪಲ್ ರೋಡ್ ಹತ್ರ ಒಂದು ಅಡ್ಡರಸ್ತೇಲಿ ಹಳೇ ಕಾಲದ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ, ಕಿಟಕಿ ಮೇಲೆ ಮಂಕಿ ಟಾಪ್ ಅನ್ನೋ ಆ ಮರದ ಚೂಪು ಮಾಡು, ಮುಂದೆ ಜಗುಲಿ. ತಾತ ಕಟ್ಟಿಸಿದ ಮನೇನ ಮೊಮ್ಮಗ ಗೋಡೆಗಳನ್ನ ಒಡೆಸಿ ದೊಡ್ಡ ಹಾಲ್ ಮಾಡಿದಾನೆ. ಒಳ್ಳೆ ಹುಡುಗ, ಕೂದಲು ಮೇಲಕ್ಕೆ ಗಂಟು ಹಾಕಿದಾನೆ, ಮಾತಿಗೊಂದ್ಸಲ ಅಕ್ಕ ಅಂತಾನೆ. "ಇಲ್ಲಿ ಏನ್ ಬೇಕಾದ್ರೂ ಮಾಡ್ಬಹುದು ಅಕ್ಕ, ಬೆಳಿಗ್ಗೆ ಯೋಗ, ಆಮೇಲೆ ಪಾಟರಿ, ಮಧ್ಯಾಹ್ನ ನೀವು, ಸಂಜೆ ಸ್ಟ್ಯಾಂಡ್‌ಅಪ್. ಎಲ್ಲದಕ್ಕೂ ಚಕ್ರ ಇದೆ, ನಿಮಗೆ ಹೆಂಗ್ ಬೇಕೋ ಹಂಗ್ ಜೋಡಿಸ್ಕೊಳ್ಳಿ." ಗಂಟೆಗೆ 1,200, ಕನಿಷ್ಠ ಮೂರು ಗಂಟೆ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ವಾಪಸ್ ಬರೋ ಡೆಪಾಸಿಟ್ 5,000. ವಾಪಸ್ ಬರೋ ಅನ್ನೋದನ್ನ ಅವನು ಸ್ವಲ್ಪ ಒತ್ತಿ ಹೇಳ್ದಾಗ್ಲೇ ನಂಗೆ ಅನುಮಾನ ಬಂತು, ಆದ್ರೂ ಮನೆ ಬಾಡಿಗೆಗೆ 10 ತಿಂಗಳ ಅಡ್ವಾನ್ಸ್ ಕೊಟ್ಟು ಬದುಕಿರೋ ಊರಿನೋರು ನಾವು, 5,000 ಯಾವ ಲೆಕ್ಕ.

ಜೋಡಿಸೋ ಟೈಮು, ಎತ್ತಿಡೋ ಟೈಮು ಎರಡೂ ಆ ಮೂರು ಗಂಟೆ ಒಳಗೇ ಬರುತ್ತಂತೆ. ರಂಗಶಂಕರದಲ್ಲಿ ನಾಟಕಕ್ಕೆ ಲೇಟಾಗಿ ಹೋದ್ರೆ ಒಳಗೆ ಬಿಡಲ್ಲ, ಇಲ್ಲಿ ಲೇಟಾಗಿ ಹೊರಗೆ ಬಂದ್ರೆ ಅರ್ಧ ಗಂಟೆಗಿಷ್ಟು ಅಂತ ಮೀಟರ್ ಓಡುತ್ತೆ.

"ಈ ತಿಂಗಳಲ್ಲಿ ಒಂದೇ ಒಂದು ಭಾನುವಾರ ಖಾಲಿ ಇದೆ ಅಕ್ಕ, ನಿಮ್ ಲಕ್ಕು" ಅಂದ. ಅದು ಯಾಕೆ ಖಾಲಿ ಇತ್ತು ಅಂದ್ರೆ ಕಾರ್ತಿಕದ ಕೊನೇ ಸೋಮವಾರದ ಹಿಂದಿನ ದಿನ ಅದು. ಕಡಲೆಕಾಯಿ ಪರಿಷೆ, ಬಸವನ ಗುಡಿ ಹತ್ರ ನಡೆಯೋ ಕಡಲೆಕಾಯಿ ಜಾತ್ರೆ! ನಾನು ಕೇಳಿದೆ ಕಣ್ರೀ, ಅವತ್ತು ಪರಿಷೆ ಗಲಾಟೆ ಇರಲ್ವೇನಪ್ಪಾ ಅಂತ. "ಅದು ಸೋಮವಾರ ಅಕ್ಕ, ನಿಮ್ದು ಭಾನುವಾರ" ಅಂತ ಕ್ಯಾಲೆಂಡರ್ ತೋರ್ಸಿಬಿಟ್ಟ. ಬಸವನಗುಡೀಲೇ ಹುಟ್ಟಿ ಬೆಳೆದ ಹುಡುಗ ಹೇಳ್ತಾ ಇದಾನೆ ಅಂದ್ಮೇಲೆ ಇನ್ನೇನು ವಾದ ಮಾಡೋದು. ಪರಿಷೆ ಲೆಕ್ಕಕ್ಕೆ ಸೋಮವಾರ ಇರ್ಬಹುದು, ಕಡಲೆಕಾಯಿ ಮೂಟೆಗಳಿಗೆ ಆ ಲೆಕ್ಕ ಗೊತ್ತಿರಲ್ಲ, ಅವು ಮುಂಚೇನೇ ಬಂದು ರಾಮಕೃಷ್ಣ ಆಶ್ರಮದ ಹತ್ರದಿಂದ ಬಸವನ ಗುಡಿವರೆಗೂ ಫುಟ್‌ಪಾತ್ ಮೇಲೆ ರಾಶಿ ಬಿದ್ದಿರ್ತವೆ, ಜನಾನೂ ಸೋಮವಾರ ರಷ್ಷು ಅಂತ ಭಾನುವಾರವೇ ಬಂದುಬಿಡ್ತಾರೆ, ಎಲ್ಲರೂ ಹಾಗೇ ಅಂದ್ಕೊಂಡು ಬಂದಿರೋದ್ರಿಂದ ಭಾನುವಾರವೂ ರಷ್ಷೇ.

ಎರಡು ಗಂಟೆಗೆ ಶುರು ಅಂದಿದ್ದು. ಕಾರಲ್ಲಿ ಹೊರಟೋರು ಚಾಮರಾಜಪೇಟೆ ಹತ್ರ ಸಿಕ್ಕಾಕೊಂಡು ಫೋನ್ ಮಾಡ್ತಾನೇ ಇದ್ರು, ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದು ನಡ್ಕೊಂಡು ಬಂದೋರು ಮಾತ್ರ ಹೆಚ್ಚು ಕಮ್ಮಿ ಟೈಮಿಗೆ ಬಂದ್ರು, ಅವ್ರಾದ್ರೂ ಬರಿಗೈಲಿ ಬಂದ್ರಾ ಅಂದ್ರೆ ಇಲ್ಲ, ಒಬ್ಬೊಬ್ಬರ ಕೈಲೂ ಒಂದೊಂದು ಸೇರು ಕಡಲೆಕಾಯಿ, ಒಬ್ರ ಕೈಲಿ ಬತ್ತಾಸು, ಒಬ್ರ ಜೊತೆ ಬಂದಿದ್ದ ಮಗು ಕೈಲಿ ಪೀಪಿ. ಆ ಪೀಪಿ ವಿಚಾರ ನಾನು ಹೆಚ್ಚು ಹೇಳಲ್ಲ. ಪರಿಷೇಲಿ ಹತ್ತು ರೂಪಾಯಿಗೆ ಅಷ್ಟು ಸದ್ದು ಹೆಂಗೆ ಕೊಡ್ತಾರೋ ದೇವರೇ ಬಲ್ಲ.

ಒಳಗೆ ಹೋದ್ರೆ ಬೆಳಿಗ್ಗೆ ಪಾಟರಿ ಮಾಡಿದ ಜೇಡಿಮಣ್ಣು ಟೇಬಲ್ ತುಂಬಾ ಒಣಗಿ ಕೂತಿದೆ. ಅದನ್ನ ಒರೆಸೋಕೆ ಇಪ್ಪತ್ತು ನಿಮಿಷ ಹೋಯ್ತು, ಅಂದ್ರೆ ಲೆಕ್ಕದಲ್ಲಿ ನಾನೂರು ರೂಪಾಯಿ ಮಣ್ಣು. ಕುರ್ಚಿ ಎಲ್ಲಪ್ಪಾ ಅಂದ್ರೆ ಬೀನ್ ಬ್ಯಾಗ್ ತೋರಿಸ್ದ. ಕಾಕು ಅದರಲ್ಲಿ ಕೂತಿದ್ದೇ ತಡ, ಮೊಣಕಾಲು ಎದೆಗೆ ಬಂತು, "ಅಯ್ಯ ಇದೇನವಾ, ಏಳ್ಲಿಕ್ಕೇ ಬರವಲ್ದು" ಅಂತ ಕೈ ಚಾಚಿದ್ರು, ನಾವಿಬ್ರು ಹಿಡಿದು ಎಬ್ಬಿಸಿದ್ವಿ. ಆಮೇಲೆ ಜಗುಲಿಯಿಂದ ತಾತನ ಕಾಲದ ಮರದ ಬೆಂಚು ತರಿಸಿದ್ವಿ, ಅದು ಅಲಂಕಾರಕ್ಕೆ ಇಟ್ಟಿರೋದು ಅಕ್ಕ ಅಂತ ಆ ಹುಡುಗ ಹಿಂದಿಂದೆ ಬಂದ.

ನಿಜವಾದ ಫಜೀತಿ ಶುರುವಾಗಿದ್ದು ಲೈಟ್ ಹಾಕಿದ್ಮೇಲೆ. ಹಾಲ್ ತುಂಬಾ ಹಗ್ಗದಲ್ಲಿ ನೇತಾಡೋ ಬಲ್ಬುಗಳು, ಒಳಗಿನ ತಂತಿ ಕಾಣೋ ಥರದ್ದು, ಹಳದೀನೂ ಅಲ್ಲ ಕೇಸರೀನೂ ಅಲ್ಲ ಅನ್ನೋ ಬೆಳಕು. ಫೋಟೋದಲ್ಲಿ ಎಲ್ಲರೂ ಮದುಮಕ್ಕಳ ಹಂಗೆ ಕಾಣ್ತಾರೆ. ಆದ್ರೆ ಕಸೂತೀಲಿ ಮೊದಲು ಕಲಿಸೋದು ಗವಂತಿ. ಎಳೆ ಎಣಿಸ್ಕೊಂಡು ಒಂದು ಬಿಟ್ಟು ಒಂದು ಹೊಲಿಗೆ ಹಾಕ್ತಾ ಮುಂದೆ ಹೋಗ್ಬೇಕು, ಆಮೇಲೆ ಅದೇ ದಾರೀಲಿ ವಾಪಸ್ ಬರ್ತಾ ಬಿಟ್ಟ ಜಾಗ ತುಂಬ್ಕೊಂಡು ಬರ್ಬೇಕು, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣ್ಬೇಕು, ಗಂಟು ಎಲ್ಲೂ ಕಾಣಬಾರ್ದು. ಹೋಗ್ತಾ ಒಂದು ಎಳೆ ಲೆಕ್ಕ ತಪ್ಪಿದ್ರೂ ಆಗ ಗೊತ್ತಾಗಲ್ಲ, ವಾಪಸ್ ಬರುವಾಗ ಗೊತ್ತಾಗುತ್ತೆ. ಎಳೆ ಎದ್ದು ಕಾಣ್ಲಿ ಅಂತ ನಾವು ಮ್ಯಾಟಿ ಬಟ್ಟೆ ತಂದಿದ್ವಿ, ಆ ಬೆಳಕಲ್ಲಿ ಮ್ಯಾಟಿನೂ ಒಂದೇ, ಗೋಡೆನೂ ಒಂದೇ. ಎಲ್ಲರೂ ಖುಷಿಯಾಗಿ ಮುಂದೆ ಹೋದ್ರು. ವಾಪಸ್ ಬಂದೋರು ಯಾರೂ ಇಲ್ಲ.

"ಎಳಿ ಕಾಣವಲ್ದು ಇಲ್ಲೆ. ಇಲ್ಲೇನ್ ಕಸೂತಿ ಹಾಕೂದದನೋ ಮಲಗೂದದನೋ?" ಅಂದ್ರು ಕಾಕು.

ಫೋನ್ ಟಾರ್ಚ್ ಹಾಕ್ಕೊಂಡ್ರು. ಸರಿ, ಆದ್ರೆ ಒಂದು ಕೈಲಿ ಬಟ್ಟೆ, ಇನ್ನೊಂದು ಕೈಲಿ ಸೂಜಿ, ಫೋನ್ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರೋದು. ಆಗ ಒಬ್ಬ ಹೆಣ್ಮಗಳಿಗೆ ಜ್ಞಾಪಕ ಬಂತು, ಗಂಡ ಹೊರಗೆ ಜಗುಲೀಲಿ ಕಡಲೆಕಾಯಿ ಬಿಡಿಸ್ತಾ ಕೂತಿದಾನೆ ಅಂತ. ಕರೆದ್ಲು. ಅವನು ಬಂದು ಟಾರ್ಚ್ ಹಿಡಿದು ನಿಂತ. ಅದನ್ನ ನೋಡಿ ಇನ್ನೊಬ್ಬಳು ತನ್ನೋನ್ನ ಕರೆದ್ಲು. ಸ್ವಲ್ಪ ಹೊತ್ತಲ್ಲಿ ಒಳಗೆ ಕಲಿಯೋರೆಷ್ಟೋ ಟಾರ್ಚ್ ಹಿಡಿಯೋರೂ ಅಷ್ಟೇ ಆದ್ರು, ಮದುವೆ ಆಗದೇ ಇರೋ ಒಬ್ಬ ಹುಡುಗಿ ಮಾತ್ರ ಹಲ್ಲಲ್ಲಿ ಫೋನ್ ಕಚ್ಕೊಂಡು ಹೊಲೀತಿದ್ಲು. ಗಂಡಸರಲ್ಲಿ ಒಬ್ರು, ಬ್ಯಾಂಕಿಂದ ರಿಟೈರ್ ಆದೋರಂತೆ, ಟಾರ್ಚ್ ಹಿಡಿದೇ ಎಳೆ ಎಣಿಸೋಕೆ ಶುರು ಮಾಡಿ "ನಾಲ್ಕಲ್ಲ, ಐದಾಗಿದೆ ನೋಡು" ಅಂತ ಹೆಂಡತೀನ ತಿದ್ದೋಕೆ ಹೊರಟ್ರು. ಆಯಮ್ಮ ಸೂಜಿ ಅವರ ಕೈಗೇ ಕೊಟ್ಟು ಟೀ ಕುಡಿಯೋಕೆ ಎದ್ದುಹೋದ್ರು. ಅವತ್ತು ಸರಿಯಾಗಿ ಹೋಗಿ ವಾಪಸ್ ಬಂದ ಗವಂತಿ ಅವರದ್ದೊಂದೇ ಅಂತ ಕಾಕು ಆಮೇಲೆ ಹೇಳಿದ್ರು. ಮುರಗಿ, ನೇಗಿ, ಮೆಂತಿ ಅಂತ ಮಿಕ್ಕ ಮೂರು ಹೊಲಿಗೇನ ಬರೀ ತೋರಿಸಿದ್ದಾಯ್ತು, ಕಲಿಸೋಕೆ ಟೈಮ್ ಎಲ್ಲಿ.

ಚಕ್ರದ ಕಥೆ ಹೇಳ್ಲೇ ಇಲ್ಲ ಅಲ್ವಾ. ಹಳೇ ಮನೆಗಳಲ್ಲಿ ತೊಳೆದ ನೀರು ಬಚ್ಚಲಿಗೆ ಹೋಗ್ಲಿ ಅಂತ ನೆಲಾನ ಸ್ವಲ್ಪ ಇಳಿಜಾರಾಗಿ ಹಾಕಿರ್ತಿದ್ರು, ಗೋಡೆ ಒಡೆಸಿದ್ರೂ ಇಳಿಜಾರು ಹಾಗೇ ಇತ್ತು. ರೆಡ್ ಆಕ್ಸೈಡ್ ಬೇರೆ, ಕನ್ನಡಿ ಥರ ನುಣುಪು. ಮೂಲೆ ಟೇಬಲ್ ಚಕ್ರದ ಬ್ರೇಕ್ ಹಿಡೀತಿರ್ಲಿಲ್ಲ, ಆ ಟೇಬಲ್ ಸುತ್ತ ಇದ್ದೋರು ಹೊಲೀತಾ ಹೊಲೀತಾ ಮೆಲ್ಲಗೆ ಬಾತ್‌ರೂಮ್ ಕಡೆ ಸರೀತಾ ಇದ್ರು, ಬೀನ್ ಬ್ಯಾಗೂ ಜೊತೆಗೇ ಎಳ್ಕೊಂಡು. ಯಾರಿಗೂ ಗೊತ್ತಾಗ್ಲಿಲ್ಲ. ಒಳಗಿಂದ ಒಬ್ರು ಬಾಗಿಲು ತಳ್ಳಿದಾಗ ಅಡ್ಡ ಸಿಕ್ಕಿದ್ಮೇಲೇ ಗೊತ್ತಾಗಿದ್ದು.

ನಾಲ್ಕೂವರೆಗೆ ಸಂಜೆ ಕಾಮಿಡಿ ಹುಡುಗ ಬಂದ. "ಚೆಕ್ ಚೆಕ್, ಮೈಕ್ ಚೆಕ್, ಒನ್ ಟೂ" ಅಂತ ಇತ್ತ ಅವನು, "ಒಂದ್, ಎರಡ್, ಮೂರ್, ನಾಕ್ ಎಳಿ" ಅಂತ ಅತ್ತ ಕಾಕು. ಯಾರ ಲೆಕ್ಕ ಯಾರದು ಅಂತ ತಿಳೀದೆ ಒಬ್ಬಳು ಎರಡೇ ಎಳೆಗೆ ನಿಲ್ಲಿಸ್ಬಿಟ್ಲು. ಕಾಕು ಅವನನ್ನ ಹತ್ರ ಕರೆದು ಕೈಗೆ ಸೂಜಿ ದಾರ ಕೊಟ್ಟು "ನಿನ್ನ ಕಣ್ಣು ಚಲೋ ಅದಾವ, ಇದನ್ನ ಪೋಣಸು" ಅಂದ್ರು. ಪಾಪ, ಮೈಕ್ ಪಕ್ಕಕ್ಕಿಟ್ಟು ಒಂದಾದ್ಮೇಲೆ ಒಂದು ಪೋಣಿಸ್ತಾ ಕೂತ. ಅವನ ಶೋ ಜನಾನೂ ಪರಿಷೇಲಿ ಸಿಕ್ಕಾಕೊಂಡಿದ್ರು, ಅರ್ಜೆಂಟ್ ಏನೂ ಇರ್ಲಿಲ್ಲ.

ಡೆಪಾಸಿಟ್ ಮೂರು ದಿನ ಬಿಟ್ಟು ಬಂತು, 3,650. ಉಳಿದಿದ್ದಕ್ಕೆ ವಾಟ್ಸಾಪಲ್ಲಿ ಲೆಕ್ಕ ಕಳಿಸಿದ್ದ, ಫೋಟೋ ಸಮೇತ. ರಗ್ಗಲ್ಲಿ ಕಡಲೆಕಾಯಿ ಸಿಪ್ಪೆ. ಬೀನ್ ಬ್ಯಾಗಲ್ಲಿ ಸೂಜಿ ತೂತು, ಅದರಿಂದ ಸುರೀತಿರೋ ಬಿಳಿ ಥರ್ಮೋಕೋಲ್ ಗುಂಡು. ಹೆಚ್ಚುವರಿ ಅರ್ಧ ಗಂಟೆ. ಅಲಂಕಾರದ ಬೆಂಚು ಬಳಕೆ. ಬೆಂಚಿಗೆ ದುಡ್ಡು ಹಾಕಿದ್ದು ನೋಡಿ ನಂಗೆ ಕೋಪಕ್ಕಿಂತ ಮೆಚ್ಚುಗೇನೇ ಜಾಸ್ತಿ ಬಂತು. ಅವನ ಪೋಸ್ಟರಲ್ಲಿ ಕಸೂತಿ ಅಂತ ಬರೆದು ಲಖನೌ ಚಿಕನ್‌ಕಾರಿ ಅನ್ನೋ ಬೇರೆಯದೇ ಸೂಜಿ ಕೆಲಸದ ಫೋಟೋ ಹಾಕಿದ್ದಕ್ಕೆ ನಾವೂ ಏನಾದ್ರೂ ಕಳೀಬೇಕಿತ್ತು, ಹೊಳೀಲಿಲ್ಲ.

ಅದರ ಕೆಳಗೇ ಇನ್ನೊಂದು ಮೆಸೇಜು. "ಅಕ್ಕ, ಆಂಟಿ ವೈಬ್ ಸೂಪರ್. ರೀಲ್ ಚೆನ್ನಾಗಿ ಓಡ್ತಿದೆ. ಪ್ರತಿ ತಿಂಗಳು ಮಾಡೋಣ್ವಾ?" ಕಾಕುಗೆ ಓದಿ ಹೇಳಿದೆ. ಅವರು ಸೂಜಿಯಿಂದ ಕಣ್ಣೆತ್ತದೆ, "ಟ್ಯೂಬ್‌ಲೈಟ್ ಹಾಕಸಂತ ಹೇಳು ಮೊದ್ಲ, ಆಮ್ಯಾಲ ನೋಡೂಣು" ಅಂದ್ರು. ಹಾಗೇ ಕಳಿಸ್ದೆ. ಟ್ಯೂಬ್‌ಲೈಟ್ ನಮ್ಮ ಏಸ್ಥೆಟಿಕ್‌ಗೆ ಸೆಟ್ ಆಗಲ್ಲ ಅಕ್ಕ, ಬೇಕಾದ್ರೆ ರೀಲ್ ಮಾಡೋ ರಿಂಗ್ ಲೈಟ್ ಇದೆ ಅಂತ ಬರೆದ. ಎರಡು ಕೊಡ್ತಾನೇನ್ ಕೇಳು ಅಂದ್ರು ಕಾಕು. ಕೇಳಿದೆ. ತಕ್ಷಣ ಉತ್ತರ ಬಂತು: ಒಂದಕ್ಕೆ ಗಂಟೆಗೆ 150, ಪ್ಲಸ್ ಜಿಎಸ್‌ಟಿ, ಗಂಡಂದಿರು ಬಂದು ಹಿಡ್ಕೊಂಡ್ರೆ ಸ್ಟ್ಯಾಂಡ್ ಬಾಡಿಗೆ ಇಲ್ಲ.