ಇಪ್ಪತ್ತೈದು ಪೌಂಡಿನ ಅನುಮಾನ

ಉತ್ತರ ಅಮೆರಿಕದ ಸಿಹಿನೀರಿನ ವಾಲೈ (walleye) ಮೀನಿನ ವಿಶ್ವದಾಖಲೆ 25 ಪೌಂಡು, ಅಂದರೆ 11 ಕಿಲೋ 340 ಗ್ರಾಂ. ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್ ಕಡೆಯ ಯಾವುದಾದರೂ ಗಾಳದಂಗಡಿಗೆ ಹೋಗಿ ಈ ಮಾತನ್ನು ಸುಮ್ಮನೆ ಆಡಿ ನೋಡಿ. ಎರೆಹುಳುವಿನ ಡಬ್ಬಿ ಆರಿಸುತ್ತಿದ್ದವರು ಡಬ್ಬಿ ಕೆಳಗಿಡುತ್ತಾರೆ. ಒಬ್ಬ ನಗುತ್ತಾನೆ, ಇನ್ನೊಬ್ಬ ಫೋಟೋದ ವಿಷಯ ತೆಗೆಯುತ್ತಾನೆ, ಮೂಲೆಯಲ್ಲಿದ್ದವನು ‘ನಮ್ಮ ಮಾವನ ಗಾಳಕ್ಕೆ ಒಮ್ಮೆ ಬಿದ್ದಿತ್ತು ನೋಡಿ...’ ಎಂದು ಶುರು ಹಚ್ಚುತ್ತಾನೆ. ಆ ಮಾವನ ಮೀನು ದಡಕ್ಕೆ ಬಂದಿರುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುವ ಲೆಕ್ಕ ನೀರಿನಲ್ಲೂ ನಡೆಯುತ್ತದೆ.

ದಾಖಲೆಯ ಮೀನಂತೂ ದಡಕ್ಕೆ ಬಂದಿತ್ತು. 1960ರ ಆಗಸ್ಟ್ 2ರಂದು ಟೆನ್ನೆಸ್ಸೀ ರಾಜ್ಯದ ಓಲ್ಡ್ ಹಿಕರಿ ಜಲಾಶಯದಲ್ಲಿ ಮ್ಯಾಬ್ರಿ ಹಾರ್ಪರ್ ಎಂಬವರು ಅದನ್ನು ಹಿಡಿದರು. ಉದ್ದ 41 ಇಂಚು, ಸುತ್ತಳತೆ 29 ಇಂಚು, ತೂಕ 25 ಪೌಂಡು ಎಂದು ದಾಖಲಾಗಿದೆ. ಈ ಮೂರು ಸಂಖ್ಯೆಗಳನ್ನು ಒಂದೊಂದಾಗಿ ನೋಡಿದರೆ ಮೂರೂ ಸಭ್ಯಸ್ಥರೇ. ಒಟ್ಟಿಗೆ ಕೂರಿಸಿದರೆ ಜಗಳ ಶುರು.

ತಕ್ಕಡಿ ಇಲ್ಲದಾಗ ವಾಲೈ ತೂಕವನ್ನು ಅಂದಾಜು ಮಾಡಲು ಗಾಳದವರ ಬಳಿ ಎರಡು ಸೂತ್ರಗಳಿವೆ. ಮೊದಲನೆಯದು ಸೋಮಾರಿಗಳದ್ದು: ಉದ್ದವನ್ನು ಇಂಚಿನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಎರಡು ಸಲ ಗುಣಿಸಿ 2700ರಿಂದ ಭಾಗಿಸುವುದು. 30 ಇಂಚಿನ ಮೀನಿಗೆ ಸರಿಯಾಗಿ 10 ಪೌಂಡು ಬರುತ್ತದೆ. ಎರಡನೆಯದಕ್ಕೆ ಟೇಪು ಬೇಕು: ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 800ರಿಂದ ಭಾಗಿಸಬೇಕು. ಹಾರ್ಪರ್ ಅವರ ಮೀನನ್ನು ಮೊದಲನೆಯ ಸೂತ್ರಕ್ಕೆ ಹಾಕಿದರೆ ಇಪ್ಪತ್ತೈದೂವರೆ ಪೌಂಡು ಬರುತ್ತದೆ. ನಂಬುವವರಿಗೆ ಹಬ್ಬ. ಎರಡನೆಯದಕ್ಕೆ ಹಾಕಿದರೆ 43 ಪೌಂಡು! 41 ಇಂಚು ಉದ್ದದ ಮೀನು 25 ಪೌಂಡು ತೂಗಬೇಕಾದರೆ ಸುತ್ತಳತೆ 22 ಇಂಚಿನ ಆಸುಪಾಸು ಇರಬೇಕು. 29 ಇಂಚು ಎಂದರೆ ಟೇಪು ಮೀನಿನ ಜೊತೆಗೆ ಅಕ್ಕಪಕ್ಕದ ಒಂದೆರಡು ಕೈಗಳನ್ನೂ ಸುತ್ತಿಕೊಂಡು ಬಂದಿದೆ ಎಂದುಕೊಳ್ಳಬೇಕಾಗುತ್ತದೆ. ಹೀಗೆ ಒಂದೇ ಮೀನು ಒಂದು ಸೂತ್ರದಲ್ಲಿ ಸಾಚಾ, ಇನ್ನೊಂದರಲ್ಲಿ ಖೋಟಾ.

ಈ ಜಗಳಕ್ಕೆ ಸಂಸ್ಥೆಗಳೂ ಸೇರಿಕೊಂಡವು. ವಿಸ್ಕಾನ್ಸಿನ್‌ನ ಹೇವರ್ಡ್ ಊರಿನಲ್ಲಿ ಸಿಹಿನೀರು ಮೀನುಗಾರಿಕೆಯ ಹಾಲ್ ಆಫ್ ಫೇಮ್ ಇದೆ. ಅದರ ಆವರಣದಲ್ಲಿ 143 ಅಡಿ ಉದ್ದದ ಮಸ್ಕಿ ಮೀನಿನ ಆಕಾರದ ಕಟ್ಟಡವೊಂದಿದ್ದು, ಪ್ರವಾಸಿಗರು ಅದರ ಬಾಯಿಯಲ್ಲಿ ನಿಂತು ಕೈಬೀಸುತ್ತಾರೆ. ಇಂಥ ಮೀನನ್ನು ಅಂಗಳದಲ್ಲಿಟ್ಟುಕೊಂಡವರಿಗೂ ಹಾರ್ಪರ್ ಅವರ ಮೀನು ಜಾಸ್ತಿ ಅನಿಸಿತು. 1996ರಲ್ಲಿ ಹಳೆಯ ಫೋಟೋವನ್ನು ಲೆಕ್ಕಕ್ಕೆ ಹಚ್ಚಿ, ಮೀನು ಹೇಳಿದಷ್ಟು ದೊಡ್ಡದಲ್ಲ ಎಂದು ತೀರ್ಮಾನಿಸಿ ತಮ್ಮ ಪಟ್ಟಿಯಿಂದ ಹೊಡೆದು ಹಾಕಿದರು. ಅವರ ಪುಸ್ತಕದಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು 1982ರ ಮಾರ್ಚ್‌ನಲ್ಲಿ ಆರ್ಕನ್ಸಾದ ಗ್ರೀರ್ಸ್ ಫೆರಿ ಜಲಾಶಯದಲ್ಲಿ ಸಿಕ್ಕ 22 ಪೌಂಡು 11 ಔನ್ಸಿನ ಮೀನು. ಆದರೆ ಅಂತರರಾಷ್ಟ್ರೀಯ ಗೇಮ್ ಫಿಶ್ ಅಸೋಸಿಯೇಷನ್, ಅಂದರೆ ಐಜಿಎಫ್‌ಎ, 25 ಪೌಂಡನ್ನು ಬಿಟ್ಟುಕೊಡಲಿಲ್ಲ. ಟೆನ್ನೆಸ್ಸೀ ರಾಜ್ಯವೂ ಬಿಟ್ಟುಕೊಡಲಿಲ್ಲ. ಹಾಗಾಗಿ ನೀವು 23 ಪೌಂಡಿನ ವಾಲೈ ಹಿಡಿದರೆ ಒಂದು ಪುಸ್ತಕದಲ್ಲಿ ಜಗತ್ತಿಗೇ ಮೊದಲಿಗರು, ಇನ್ನೊಂದರಲ್ಲಿ ‘ಪರವಾಗಿಲ್ಲ, ಚೆನ್ನಾಗಿದೆ’.

ಅನುಮಾನ ಪಡುವವರಿಗೆ ಇನ್ನೊಂದು ಆಧಾರವಿದೆ, ಅದು ಕ್ಯಾಲೆಂಡರ್. ವಾಲೈಗಳಲ್ಲಿ ದೊಡ್ಡದಾಗುವುದು ಹೆಣ್ಣು. ಗಂಡು ಒಂದು ಹಂತಕ್ಕೆ ಬಂದು ‘ಸಾಕು’ ಎಂದು ನಿಲ್ಲಿಸಿಬಿಡುತ್ತದೆ. ವಸಂತದಲ್ಲಿ ನೀರು ಸುಮಾರು 6ರಿಂದ 10 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಹೆಣ್ಣು ಮೊಟ್ಟೆ ಇಡುತ್ತದೆ. ಅದಕ್ಕೆ ಮುಂಚಿನ ವಾರಗಳಲ್ಲಿ ಹೊಟ್ಟೆಯ ತುಂಬ ಲಕ್ಷಗಟ್ಟಲೆ ಮೊಟ್ಟೆ ಹೊತ್ತು ವರ್ಷದಲ್ಲೇ ಅತಿ ಭಾರವಾಗಿರುತ್ತದೆ. ಗ್ರೀರ್ಸ್ ಫೆರಿಯ ಮೀನು ಮಾರ್ಚ್‌ನದು. ಕೊಲಂಬಿಯಾ ನದಿಯಲ್ಲಿ ವಾಷಿಂಗ್ಟನ್ ರಾಜ್ಯದ ದಾಖಲೆ ಬರೆದ 20.32 ಪೌಂಡಿನದು 2014ರ ಫೆಬ್ರವರಿ 28ರದು. ಅದೇ ನದಿಯ ಒರೆಗಾನ್ ದಾಖಲೆಯೂ 1990ರ ಫೆಬ್ರವರಿಯದೇ. ಶರತ್ಕಾಲದಲ್ಲಿ ಹೊಟ್ಟೆಬಾಕರಾಗಿ ತಿಂದು ಕೊಬ್ಬಿದವೂ ಇವೆ, ಈರೀ ಸರೋವರದಲ್ಲಿ ಓಹಾಯೋ ದಾಖಲೆಯಾದ 16.19 ಪೌಂಡಿನ ಮೀನು 1999ರ ನವೆಂಬರ್‌ನದು. ಆದರೆ ಆಗಸ್ಟ್ ಎಂದರೆ ಮೊಟ್ಟೆಯೆಲ್ಲ ಖಾಲಿಯಾಗಿ, ನೀರು ಕಾದು, ಮೀನು ಬಡಕಲಾಗಿರುವ ಕಾಲ. ಎಲ್ಲರೂ ಇಳಿಯುವ ತಿಂಗಳಲ್ಲಿ ಇದೊಂದೇ ಹೇಗೆ ಊದಿಕೊಂಡಿತು ಎನ್ನುವುದು ಅನುಮಾನಿಗಳ ಪ್ರಶ್ನೆ. ನ್ಯಾಯವಾದದ್ದೇ.

ಇಷ್ಟೆಲ್ಲ ಅನುಮಾನ ಪಡುವವನೇ ತನ್ನ ಗಾಳಕ್ಕೆ ಒಂದು ಮೀನು ಬಿದ್ದ ಕೂಡಲೇ ಪರಮ ಭಕ್ತನಾಗುತ್ತಾನೆ. ರಾಡ್ ಬಾಗಿದೆ, ಮೀನು ತಳ ಬಿಟ್ಟು ಏಳುತ್ತಿಲ್ಲ, ತಲೆ ಕೊಡವುತ್ತಿದೆ: ದಾಖಲೆ! ಐದು ನಿಮಿಷದ ಮೇಲೆ ಮೇಲೆದ್ದು ಬರುವುದು ಸಾಮಾನ್ಯವಾಗಿ ಡ್ರಮ್ ಎಂಬ ಗೂನುಬೆನ್ನಿನ ಬೂದು ಮೀನು, ಇಲ್ಲವೇ ಕಾರ್ಪ್. ಇವೆರಡೂ ವಾಲೈಗಿಂತ ಹುರುಪಿನಿಂದ ಎಳೆಯುತ್ತವೆ. ದೊಡ್ಡ ವಾಲೈ ಹೆಚ್ಚು ಓಡುವುದಿಲ್ಲ, ಒದ್ದೆ ಮೂಟೆಯ ಹಾಗೆ ತಳದಲ್ಲಿ ಕೂತುಬಿಡುತ್ತದೆ. ಆದ್ದರಿಂದ ಮೀನು ಎಷ್ಟು ಜೋರಾಗಿ ಓಡುತ್ತದೋ ಅಷ್ಟು ನಿಮ್ಮ ಆಸೆ ಕಡಿಮೆಯಾಗಬೇಕು. ಯಾರದ್ದೂ ಆಗುವುದಿಲ್ಲ.

ಅಕಸ್ಮಾತ್ ನಿಜವಾದದ್ದೇ ಬಂತು ಅನ್ನಿ. ಅನಾಹುತಗಳ ಮುಕ್ಕಾಲು ಪಾಲು ದೋಣಿಯ ಪಕ್ಕದ ಕೊನೆಯ ಒಂದು ಗಜದಲ್ಲಿ ನಡೆಯುತ್ತವೆ, ಬಹುಮಟ್ಟಿಗೆ ಕೈಬಲೆ ಹಿಡಿದವನಿಂದ. ಅವನು ಮಾಡಬೇಕಾದ ಕೆಲಸ ಒಂದೇ: ಬಲೆಯನ್ನು ನೀರಲ್ಲಿ ಮುಳುಗಿಸಿ ಅಲುಗಾಡದೆ ಹಿಡಿದಿರುವುದು. ರಾಡ್ ಹಿಡಿದವನು ಮೀನಿನ ತಲೆಯನ್ನು ಬಲೆಯೊಳಕ್ಕೆ ನಡೆಸಬೇಕು, ಆಮೇಲೆ ಎತ್ತಬೇಕು. ನಡೆಯುವುದೇ ಬೇರೆ. ಮೀನಿನ ಬಿಳಿ ಹೊಟ್ಟೆ ಕಂಡ ಕೂಡಲೇ ಬಲೆಯವನು ಬಾಲದ ಕಡೆಯಿಂದ ಚುಚ್ಚುತ್ತಾನೆ. ಬಲೆಯ ಅಂಚು ಬಾಲಕ್ಕೆ ತಾಗಿದರೆ ಅಷ್ಟು ಹೊತ್ತು ಮೂಟೆಯಂತಿದ್ದ ಮೀನಿಗೆ ಜೀವ ಬರುತ್ತದೆ. ಕ್ರ್ಯಾಂಕ್‌ಬೇಟ್ ಎಂಬ, ಪುಟ್ಟ ಮೀನಿನಾಕಾರದ ಹುಸಿ ಎರೆ ಕಟ್ಟಿದ್ದರೆ ಇನ್ನೂ ಚೆಂದ. ಅದರಲ್ಲಿ ಮೂರು ಮುಳ್ಳಿನ ಕೊಕ್ಕೆಗಳು ಎರಡೋ ಮೂರೋ ಇರುತ್ತವೆ. ಒಂದು ಮೀನಿನ ಬಾಯಲ್ಲಿ, ಇನ್ನೊಂದು ಬಲೆಯ ಹೊರಮೈಗೆ ಸಿಕ್ಕಿಕೊಳ್ಳುತ್ತದೆ. ಮೀನು ಹೊರಗೆ, ಕೊಕ್ಕೆ ಬಲೆಯಲ್ಲಿ, ಬಲೆ ಗೆಳೆಯನ ಕೈಯಲ್ಲಿ. ಮೀನು ಒಂದು ಸಲ ಹೊರಳುತ್ತದೆ, ಲೆಕ್ಕ ಮುಗಿಯಿತು. ರಬ್ಬರ್ ಹಚ್ಚಿದ ಬಲೆಗೆ ಕೊಕ್ಕೆ ಇಷ್ಟು ಸುಲಭವಾಗಿ ಕಚ್ಚಿಕೊಳ್ಳುವುದಿಲ್ಲ. ಸ್ನೇಹ ಉಳಿಸಿಕೊಳ್ಳುವ ವಸ್ತುಗಳಲ್ಲಿ ಅದಕ್ಕಿಂತ ಅಗ್ಗದ್ದು ಕಡಿಮೆ.

ರಾಡ್ ಹಿಡಿದವನೂ ಕಡಿಮೆಯವನಲ್ಲ. ಗಾಳದ ದಾರ, ಅಂದರೆ ಲೈನು, ರೀಲಿನಿಂದ ಹೊರಡುವುದನ್ನು ತಡೆಯುವ ಬಿಗಿಗೆ ಡ್ರ್ಯಾಗ್ ಎನ್ನುತ್ತಾರೆ. ಅದನ್ನು ಲೈನಿನ ಬಲದ ಕಾಲುಭಾಗಕ್ಕಿಂತ ಬಹಳ ಹೆಚ್ಚು ಬಿಗಿ ಮಾಡಬಾರದು. 8 ಪೌಂಡಿನ ಲೈನಿಗೆ 2 ಪೌಂಡು, ಹೆಚ್ಚೆಂದರೆ ಎರಡೂವರೆ. ದೊಡ್ಡ ಮೀನು ಎಂದು ಗೊತ್ತಾದ ಮೇಲೆ ಎಲ್ಲರ ಬೆರಳೂ ಡ್ರ್ಯಾಗಿನ ಗುಬುಟಿನ ಮೇಲೆ ಹೋಗುತ್ತದೆ, ಎಲ್ಲರೂ ಒಂದೇ ದಿಕ್ಕಿಗೆ ತಿರುಗಿಸುತ್ತಾರೆ. ಮೀನಿನ ತಲೆಯನ್ನು ನೀರಿನಿಂದ ಮೇಲಕ್ಕೆತ್ತಿ ‘ನೋಡೋಣ ಎಷ್ಟಿದೆ’ ಎನ್ನುವವರು ಇನ್ನೊಂದು ಜಾತಿ. ನೀರಿನ ಆಧಾರ ತಪ್ಪಿದ ತಲೆ ಕೊಡವಿದರೆ ಕೊಕ್ಕೆ ಮಾಡಿದ ತೂತು ಅಗಲವಾಗುತ್ತದೆ. ಎಷ್ಟಿದೆ ಎಂದು ನೋಡಿದ್ದಂತೂ ಆಯಿತು.

ದೋಣಿಗೆ ಬಂದ ಮೇಲೆ ಕಿವಿರಿನ ಮುಚ್ಚಳಕ್ಕೆ ಬೆರಳು ಹಾಕುವಾಗ ಜೋಪಾನ. ಅದರ ಅಂಚು ಬ್ಲೇಡಿನಷ್ಟು ಹರಿತ. ಬಾಯಿಗೆ ಬೆರಳು ಕೊಟ್ಟರೆ ಕೋರೆಹಲ್ಲು, ಬೆನ್ನು ಹಿಡಿದರೆ ಮುಳ್ಳು. ಒಂದು ಕೈ ಹೊಟ್ಟೆಯ ಕೆಳಗೆ ಕೊಟ್ಟು ಅಡ್ಡಲಾಗಿ ಹಿಡಿಯಬೇಕು. ಫೋಟೋ ತೆಗೆಯುವಾಗ ಮಾತ್ರ ಕೈಗಳು ತಾವಾಗಿಯೇ ಕ್ಯಾಮೆರಾದ ಕಡೆಗೆ ಉದ್ದವಾಗುತ್ತವೆ. ಫೋನಿನ ಅಗಲ ಲೆನ್ಸು ಮುಂದಿರುವುದನ್ನು ಹಿಗ್ಗಿಸುತ್ತದೆ, ಹಿಂದಿರುವ ಮನುಷ್ಯನನ್ನು ಕುಗ್ಗಿಸುತ್ತದೆ. 6 ಪೌಂಡಿನ ಮೀನು 12 ಆಗುತ್ತದೆ, ಹಿಡಿದವನು ಏಳನೇ ಕ್ಲಾಸಿನ ಹುಡುಗನಾಗುತ್ತಾನೆ. ಬೆರಳುಗಳು ಮೀನಿನ ಹಿಂದೆ ಅಡಗಿವೆಯೇ ಎಂದು ನೋಡಿ. ಅಡಗಿದ್ದರೆ ಮೂರು ಪೌಂಡು ಕಳೆಯಿರಿ.

ಅಳತೆಯ ಕಥೆಯೂ ಹಾಗೆಯೇ. ಉದ್ದಕ್ಕೆ ಬಾಯಿ ಮುಚ್ಚಿಸಿ, ಮೂತಿಯನ್ನು ಅಳತೆ ಹಲಗೆಯ ತಡೆಗೆ ತಾಗಿಸಿ, ಬಾಲದ ಎರಡು ತುದಿಗಳನ್ನು ಹಿಚುಕಿ ಓದಬೇಕು. ಟೇಪನ್ನು ಹೊಟ್ಟೆಯ ಉಬ್ಬಿನ ಮೇಲೆ ಹಾಯಿಸಿದರೆ ಒಂದಿಂಚು ಪುಕ್ಕಟೆ. ಸುತ್ತಳತೆಯಲ್ಲಿ ಒಂದಿಂಚಿನ ಬೆಲೆ ಇನ್ನೂ ಹೆಚ್ಚು: 30 ಇಂಚಿನ ಮೀನಿಗೆ 18 ಇಂಚು ಎಂದರೆ 12 ಪೌಂಡು ಚಿಲ್ಲರೆ, 19 ಎಂದರೆ ಹದಿಮೂರೂವರೆ. ಕೆನಡಾ ಗಡಿಯ ಬೌಡೆಟ್ ಊರಿನಲ್ಲಿ ವಿಲ್ಲಿ ಎಂಬ 40 ಅಡಿಯ ವಾಲೈ ಪ್ರತಿಮೆ ನಿಂತಿದೆ. ಸೋಮಾರಿ ಸೂತ್ರದ ಪ್ರಕಾರ ಅದರ ತೂಕ 40,960 ಪೌಂಡು. ಯಾರೂ ತಕರಾರು ತೆಗೆದಿಲ್ಲ.

ಸೂತ್ರಗಳು ಹರಟೆಗೆ ಸಾಕು, ದಾಖಲೆಗೆ ತಕ್ಕಡಿಯೇ ಬೇಕು. ದೋಣಿಯಲ್ಲಿ ತೂಗಿದ್ದು ಐಜಿಎಫ್‌ಎಗೆ ನಡೆಯುವುದಿಲ್ಲ. ಅಲೆ ಏಳುವಾಗ ಸ್ಪ್ರಿಂಗ್ ತಕ್ಕಡಿಯ ಮುಳ್ಳು 11ಕ್ಕೂ 14ಕ್ಕೂ ಓಡಾಡುತ್ತದೆ, ಮನುಷ್ಯನ ಕಣ್ಣು 14ರಲ್ಲಿದ್ದಾಗ ಮಾತ್ರ ಓದುತ್ತದೆ. ಗಟ್ಟಿ ನೆಲದ ಮೇಲೆ, ಅಧಿಕೃತವಾಗಿ ಪರೀಕ್ಷಿಸಿ ಮುದ್ರೆ ಹಾಕಿದ ತಕ್ಕಡಿಯಲ್ಲಿ ತೂಗಬೇಕು. ಮೀನನ್ನು ಚೀಲದಲ್ಲಿಟ್ಟು ತೂಗಿದ್ದರೆ ಒದ್ದೆ ಚೀಲದ ತೂಕ ಕಳೆಯಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಡದಿರಬಹುದು, ಅಂಗೈಯಲ್ಲಿರುವ ಮೀನಿಗೆ ಸಾಕ್ಷಿಗಳು ಬೇಕೇ ಬೇಕು. ಮೀನು, ರಾಡ್, ತಕ್ಕಡಿ ಎಲ್ಲವೂ ಕಾಣುವ ಫೋಟೋಗಳು, ಲೈನಿನ ತುಂಡು ಕೂಡ. ಅದು ವಾಲೈಯೇ ಹೌದೇ, ಸಾಗರ್ ಎಂಬ ದಾಯಾದಿಯ ಜೊತೆಗಿನ ಮಿಶ್ರತಳಿಯೇ ಎಂದು ತಿಳಿದವರು ನೋಡಿ ಹೇಳಬೇಕು. ಕೊಕ್ಕೆ ಬಾಯಿಗೇ ಬಿದ್ದಿರಬೇಕು ಎನ್ನುವ ರಾಜ್ಯಗಳೂ ಇವೆ. 2019ರಲ್ಲಿ ನಾರ್ತ್ ಡಕೋಟದಲ್ಲಿ 16 ಪೌಂಡು 9 ಔನ್ಸಿನ ಮೀನೊಂದು ರಾಜ್ಯ ದಾಖಲೆಯ ಹೊಸ್ತಿಲವರೆಗೆ ಬಂದು, ಕೊಕ್ಕೆ ಮೈಗೆ ಸಿಕ್ಕಿದ್ದು ಎಂದು ಅಧಿಕಾರಿಗಳು ತನಿಖೆ ಮಾಡಿ ತೀರ್ಮಾನಿಸಿದ್ದರಿಂದ ಹಾಗೆಯೇ ಹಿಂದಕ್ಕೆ ಹೋಯಿತು.

ದೊಡ್ಡ ತೊಂದರೆ ವೇಳೆಯದು. ವಾಲೈ ಕಣ್ಣಿನೊಳಗೆ ಹಿಂಬದಿಯಲ್ಲಿ ಬೆಳಕನ್ನು ಮರಳಿ ಎಸೆಯುವ ಪದರವಿದೆ, ಹಾಗಾಗಿ ಅದು ಬೇಟೆಗೆ ಇಳಿಯುವುದು ಮುಸ್ಸಂಜೆ ಮತ್ತು ರಾತ್ರಿ. ಮುದ್ರೆಯ ತಕ್ಕಡಿ ಇರುವುದು ಊರಿನ ದಿನಸಿ ಅಂಗಡಿಯ ಮಾಂಸದ ಕೌಂಟರಿನಲ್ಲಿ, ಅದು ರಾತ್ರಿ ಬಾಗಿಲು ಹಾಕಿರುತ್ತದೆ. ಬೆಳಗಿನ ತನಕ ಮೀನು ಒಣಗುತ್ತದೆ, ಒಣಗಿದಷ್ಟೂ ಹಗುರಾಗುತ್ತದೆ. ಒದ್ದೆ ಟವೆಲಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಹೊದಿಸಿ, ಐಸಿನ ಮೇಲೆ ಇಡುವುದು ಬಿಟ್ಟರೆ ದಾರಿಯಿಲ್ಲ. ಹೊಟ್ಟೆ ಸೀಳಿ ಸ್ವಚ್ಛ ಮಾಡಿ ತಂದವರಿಗೆ ಊಟ ಸಿಗುತ್ತದೆ, ದಾಖಲೆ ಸಿಗುವುದಿಲ್ಲ.

ಹೊಟ್ಟೆ ಸೀಳುವುದು ಒಮ್ಮೊಮ್ಮೆ ಬೇರೆಯವರ ಕೆಲಸವಾಗುತ್ತದೆ. 2022ರ ಸೆಪ್ಟೆಂಬರ್ 30ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಈರೀ ಸರೋವರದ ವಾಲೈ ಪಂದ್ಯ ನಡೆಯಿತು. ಇಬ್ಬರು ಸ್ಪರ್ಧಿಗಳ ಐದು ಮೀನು ಸುಮಾರು 34 ಪೌಂಡು ತೂಗಿದವು. ಉದ್ದ ನೋಡಿದರೆ ಅಷ್ಟು ತೂಗುವಂತಿಲ್ಲವಲ್ಲ ಎಂದು ಪಂದ್ಯದ ನಿರ್ದೇಶಕರು ಅಲ್ಲೇ ಚಾಕು ಹಾಕಿದರು. ಹೊಟ್ಟೆಯಿಂದ ಸೀಸದ ಗುಂಡುಗಳು ಒಂದೊಂದಾಗಿ ಉರುಳಿದವು, ಜೊತೆಗೆ ಬೇರೆ ಮೀನಿನ ಹೋಳುಗಳು. ಬಹುಮಾನ ಸುಮಾರು 29 ಸಾವಿರ ಡಾಲರ್ ಇತ್ತು. ಸಿಕ್ಕಿದ್ದು ಹತ್ತು ದಿನದ ಜೈಲು, ದೋಣಿಯೂ ಹೋಯಿತು. ಇದರಲ್ಲಿ ಕಲಿಯಬೇಕಾದದ್ದು ಸೋಮಾರಿ ಸೂತ್ರದ ಮಹಿಮೆ. ಉದ್ದಕ್ಕೂ ತೂಕಕ್ಕೂ ತಾಳೆಯಾಗದಿದ್ದರೆ ಅನುಭವಸ್ಥರ ಕಣ್ಣು ತಕ್ಕಡಿಗಿಂತ ಮೊದಲೇ ಅನುಮಾನಿಸುತ್ತದೆ.

ಹಾಗಿದ್ದರೂ ಆಸೆಗೆ ಜಾಗವಿದೆ. ಮಿನೆಸೋಟದ 17 ಪೌಂಡು 8 ಔನ್ಸಿನ ದಾಖಲೆ 1979ರಿಂದ ಕದಲಿಲ್ಲ. ದೊಡ್ಡದು ಬೇಕಾದವರು ಕೊಲಂಬಿಯಾ ನದಿಯ ಕಡೆ ನೋಡುತ್ತಾರೆ. ಅಲ್ಲಿ ವಾಲೈ ಹೊರಗಿನಿಂದ ಬಂದ ಮೀನು. ಸಾಲ್ಮನ್ ಮರಿಗಳನ್ನು ತಿಂದು ಕೊಬ್ಬುತ್ತದೆ, ಸರ್ಕಾರಕ್ಕೆ ಅದರ ಮೇಲೆ ಪ್ರೀತಿಯೂ ಇಲ್ಲ. ಐಜಿಎಫ್‌ಎ ನಿಯಮದ ಪ್ರಕಾರ 25 ಪೌಂಡು ಮತ್ತು ಮೇಲಿನ ದಾಖಲೆಯನ್ನು ಮುರಿಯಲು ಅರ್ಧ ಪರ್ಸೆಂಟ್ ಹೆಚ್ಚು ತೂಗಬೇಕು. 25ಕ್ಕೆ ಅದು ಎರಡು ಔನ್ಸ್, 57 ಗ್ರಾಂ. ಅರವತ್ತು ವರ್ಷಕ್ಕೂ ಹೆಚ್ಚಿನ ಜಗಳವನ್ನು ಮುಗಿಸಲು 25 ಪೌಂಡು 2 ಔನ್ಸ್ ಸಾಕು.

ಫೆಬ್ರವರಿ ಕೊನೆಗೆ ಅತ್ತ ಹೊರಡುವವರು ರಬ್ಬರ್ ಬಲೆ, ಟವೆಲ್, ಐಸ್ ಪೆಟ್ಟಿಗೆಯ ಜೊತೆಗೆ ಇನ್ನೊಂದು ಕೆಲಸ ಮಾಡಿಕೊಳ್ಳಬೇಕು. ಹತ್ತಿರದ ಊರಿನ ಮಾಂಸದ ಕೌಂಟರಿಗೆ ಹಗಲಿನಲ್ಲೇ ಫೋನ್ ಮಾಡಿ, ತಕ್ಕಡಿ 30 ಪೌಂಡಿನವರೆಗೆ ತೂಗುತ್ತದೆಯೇ, ಮುದ್ರೆಯ ತಾರೀಖು ಒಂದು ವರ್ಷದ ಒಳಗಿನದೇ, ರಾತ್ರಿ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿಟ್ಟುಕೊಳ್ಳಿ. ಆ ಕಡೆಯವರು ಮೀನು ಎಷ್ಟು ದೊಡ್ಡದು ಎಂದು ಕೇಳಿಯೇ ಕೇಳುತ್ತಾರೆ. ಇನ್ನೂ ಹಿಡಿದಿಲ್ಲ ಎಂದು ಹೇಳಿ.