ಬ್ಯಾಂಕ್ ಕೇಳಿದರೆ ಸಾಕಾ?

‘ಸಾಲ ಬಾಕಿ ಇದ್ದವರನ್ನು ಬ್ಯಾಂಕ್ ಕೇಳಿದ ತಕ್ಷಣ ಏರ್‌ಪೋರ್ಟಲ್ಲೇ ತಡೆಯಬೇಕು’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಚಿಕ್ಕಪ್ಪ ವಿರಾಜಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರರು. ಗೆಳೆಯರ ತೋಟದ ಸಾಲಕ್ಕೆ ಜಾಮೀನು ಹಾಕಿದ್ದರು, ಅಷ್ಟೇ. 2022ರಲ್ಲಿ ಮಗಳ ಬಾಣಂತನಕ್ಕೆ ಅಂತ ಚಿಕ್ಕಮ್ಮನ ಜೊತೆ ಮಸ್ಕತ್‌ಗೆ ಹೊರಟಿದ್ದರು. ಇಮಿಗ್ರೇಷನ್ ಕೌಂಟರಿನಲ್ಲಿ ‘ನಿಮ್ಮ ಮೇಲೆ ಲುಕ್‌ಔಟ್ ಸುತ್ತೋಲೆ ಇದೆ’ ಎಂದು, ಅಂದರೆ ದೇಶ ಬಿಟ್ಟು ಹೋಗದಂತೆ ತಡೆಯಲು ಸೂಚನೆ ಇದೆ ಎಂದು, ವಾಪಸ್ ಕಳಿಸಿದರು. ಪೊಲೀಸ್ ಕೇಸ್ ಇರಲಿಲ್ಲ, ಮೊದಲೇ ಒಂದು ನೋಟಿಸೂ ಬಂದಿರಲಿಲ್ಲ. ಚಿಕ್ಕಮ್ಮ ಒಬ್ಬರೇ ಅಳುತ್ತಾ ವಿಮಾನ ಹತ್ತಿದರು.

ವಿದೇಶಕ್ಕೆ ಹೋಗುವ ಹಕ್ಕು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ ಕಾಪಾಡುವ ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1978ರ ಮೇನಕಾ ಗಾಂಧಿ ಪ್ರಕರಣದಲ್ಲೇ ಹೇಳಿದೆ. ಕಾನೂನಿಲ್ಲದೆ, ನ್ಯಾಯವಾದ ಕ್ರಮವಿಲ್ಲದೆ ಅದನ್ನು ಕಿತ್ತುಕೊಳ್ಳುವಂತಿಲ್ಲ. ಸರ್ಕಾರಿ ಬ್ಯಾಂಕುಗಳ ಮುಖ್ಯಸ್ಥರಿಗೆ 2018ರಲ್ಲಿ ಇಂಥ ಸುತ್ತೋಲೆ ಹೊರಡಿಸಿ ಎಂದು ಕೇಳುವ ಅಧಿಕಾರ ಸಿಕ್ಕಿದ್ದು ಗೃಹ ಸಚಿವಾಲಯದ ಆದೇಶದಿಂದ, ಸಂಸತ್ತಿನ ಕಾಯ್ದೆಯಿಂದಲ್ಲ. 2024ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಿಮ್ಮ ಲೇಖನದಲ್ಲಿ ಆ ತೀರ್ಪಿನ ಸುದ್ದಿಯೇ ಇಲ್ಲ. ಕೋಟಿಗಟ್ಟಲೆ ನುಂಗಿ ಓಡುವವರನ್ನು ಹಿಡಿಯಲಿ, ನಾನು ಬೇಡ ಅನ್ನಲ್ಲ. ಆದರೆ ಯಾರನ್ನು ತಡೆಯಬೇಕು ಅಂತ ಸಾಲ ಕೊಟ್ಟವರೇ ತೀರ್ಮಾನ ಮಾಡಬಾರದು. ಮೊದಲು ಕೋರ್ಟಿಗೆ ಹೋಗಿ ಕಾರಣ ತೋರಿಸಲಿ. ಜಾಮೀನು ಹಾಕಿದವರ ಮಾತನ್ನೂ ಅಲ್ಲಿ ಯಾರಾದರೂ ಕೇಳಬೇಕು, ಅಲ್ವಾ?