ಕುಕ್ಕರುಗಾಲಿನ ಕಳ್ಳ

ನಾನು ಜೀವನದಲ್ಲಿ ಕದ್ದಿರುವುದು ಒಂದೇ ಸಲ. ಮೂರನೇ ಕ್ಲಾಸಿನಲ್ಲಿ, ಪಕ್ಕದಲ್ಲಿ ಕೂರುತ್ತಿದ್ದ ಹುಡುಗನ ಬಳಪ. ಮಧ್ಯಾಹ್ನದ ಊಟದ ಬೆಲ್ ಹೊಡೆಯುವಷ್ಟರಲ್ಲಿ ಹೊಟ್ಟೆ ತೊಳಸತೊಡಗಿತು. ವಾಪಸ್ ಅವನ ಚೀಲಕ್ಕೇ ಹಾಕಲು ಹೋದೆ. ಹಾಕುವಾಗ ಸಿಕ್ಕಿಬಿದ್ದೆ. ಕದಿಯುವಾಗ ಯಾರೂ ನೋಡಿರಲಿಲ್ಲ ಅನ್ನುವುದು ಬೇರೆ ಮಾತು.

ಇಂಥ ನಾನು ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತರೆ ಊರಿಗೆ ಊರೇ ಗುಡಿಸಿಕೊಂಡು ಬರುತ್ತೇನೆ. ಬೆಳ್ಳಿ ತಟ್ಟೆ, ಗಾಡಿ ಚಕ್ರದಂಥ ಚೀಸು, ಪೊರಕೆ, ಅಡುಗೆಮನೆಯ ಎಲೆಕೋಸು, ಒಂದನ್ನೂ ಬಿಡುವುದಿಲ್ಲ. ಮೈಸೂರಿನ ಬಾಡಿಗೆ ಮನೆಯಲ್ಲಿ ಫ್ಯಾನ್ ಹಾಕಿಕೊಂಡು ಕೂತು, ಹಿಮ ಬೀಳುವ ಊರುಗಳಲ್ಲಿ ಹೀಗೆ ಕನ್ನ ಹಾಕಲು ಶುರುಮಾಡಿ ಹತ್ತು ವರ್ಷದ ಮೇಲಾಯಿತು.

ಆಟದ ಹೆಸರು ಸ್ಕೈರಿಮ್. 2011ರ ನವೆಂಬರ್ 11ರಂದು ಬಂದದ್ದು. ಕಥೆ ದೊಡ್ಡದು. ಇಲ್ಲವೇ ಇಲ್ಲ ಅಂದುಕೊಂಡಿದ್ದ ಡ್ರ್ಯಾಗನ್‌ಗಳು ಎದ್ದು ಬಂದಿವೆ, ಲೋಕ ಮುಳುಗುತ್ತಿದೆ, ಕಾಪಾಡಬೇಕಾದವನು ನೀನೇ ಅಂತ ದೊಡ್ಡವರೆಲ್ಲ ಹೇಳುತ್ತಾರೆ. ಕಾಪಾಡೋಣ, ಅದಕ್ಕೇನಂತೆ. ಆದರೆ ಈ ಅಂಗಡಿಯವನು ಒಳಗಿನ ಪೆಟ್ಟಿಗೆಗೆ ಬೀಗ ಯಾಕೆ ಹಾಕಿದ್ದಾನೆ ಅಂತ ಮೊದಲು ನೋಡಬೇಡವೇ? ಎಲ್ಲಿ ಬೇಕಾದರೂ ಅಲೆಯಲು ಬಿಡುವ ಇಂಥ ಓಪನ್ ವರ್ಲ್ಡ್ ಆಟಗಳ ದೊಡ್ಡ ಗುಣ ಇದು. ನಾವು ಬಿಡುವು ಮಾಡಿಕೊಂಡು ಬರುವ ತನಕ ಪ್ರಳಯ ಕಾಯುತ್ತದೆ.

ಕಂಟ್ರೋಲ್ ಕೀ ಒತ್ತಿದರೆ ನಮ್ಮ ಹೀರೋ ಕುಕ್ಕರುಗಾಲಿನಲ್ಲಿ ಕೂತು ಸರಿಯತೊಡಗುತ್ತಾನೆ. ಆಗ ಪರದೆಯ ನಟ್ಟನಡುವೆ ಒಂದು ಕಣ್ಣು ಮೂಡುತ್ತದೆ. ಮುಚ್ಚಿದ್ದರೆ ಯಾರೂ ನೋಡಿಲ್ಲ. ಮೆಲ್ಲಗೆ ತೆರೆಯುತ್ತಿದ್ದರೆ ಯಾರಿಗೋ ಅನುಮಾನ ಬಂದಿದೆ. ಪೂರ್ತಿ ತೆರೆದರೆ ಮುಗೀತು, ಓಡು. ಕತ್ತಲಲ್ಲಿದ್ದರೆ ಒಳ್ಳೆಯದು, ಭಾರದ ಬೂಟು ಹಾಕಿದ್ದರೆ ಕೆಟ್ಟದ್ದು, ಓಡಿದರೆ ಇನ್ನೂ ಕೆಟ್ಟದ್ದು. ಈ ಕಣ್ಣು ನನಗೆ ಬಹಳ ಇಷ್ಟ. ಆಫೀಸಿನಲ್ಲಿ ಐದೂವರೆಗೇ ಬ್ಯಾಗ್ ಎತ್ತಿಕೊಂಡು ಹೊರಡುವಾಗ, ಮದುವೆಮನೆಯಲ್ಲಿ ಮೂರನೇ ಹೋಳಿಗೆಗೆ ಎಲೆ ಒಡ್ಡುವಾಗ, ಇಂಥದ್ದೊಂದು ಕಣ್ಣು ಗಾಳಿಯಲ್ಲಿ ಕಾಣಿಸುವಂತಿದ್ದರೆ ಬದುಕು ಎಷ್ಟು ಸಲೀಸಾಗಿರುತ್ತಿತ್ತು!

ಈ ವಿದ್ಯೆಗೆ ಹಳೆಯ ಗುರು 1998ರ ಥೀಫ್ ಅನ್ನುವ ಆಟ. ಅದು ಓಪನ್ ವರ್ಲ್ಡ್ ಅಲ್ಲ, ಬಿಡಿ. ಒಂದು ಮಿಷನ್ ಮುಗಿದರೆ ಇನ್ನೊಂದು. ಗ್ಯಾರೆಟ್ ಅನ್ನುವ ಕಳ್ಳ. ಪರದೆಯ ಕೆಳಗಡೆ ಒಂದು ಹರಳು, ನಾವು ಕತ್ತಲಲ್ಲಿದ್ದರೆ ಮಂಕಾಗುತ್ತದೆ, ಬೆಳಕಿಗೆ ಬಂದರೆ ಹೊಳೆಯುತ್ತದೆ. ನೀರಿನ ಬಾಣ ಬಿಟ್ಟು ಪಂಜು ಆರಿಸಬಹುದು. ಅದಕ್ಕಿಂತ ಮುಖ್ಯ ನೆಲ. ರತ್ನಗಂಬಳಿಯ ಮೇಲೆ ನಡೆದರೆ ಸದ್ದಿಲ್ಲ, ಟೈಲ್ಸ್ ಮೇಲೆ ಕಾಲಿಟ್ಟರೆ ಟಕಟಕ. ಅದನ್ನು ಆಡುವಾಗೆಲ್ಲ ನನಗೆ ಅಜ್ಜಿ ಮನೆಯ ಅಟ್ಟದ ಏಣಿಮೆಟ್ಟಿಲು ನೆನಪಾಗುತ್ತಿತ್ತು. ಮೂರನೆಯದು ಕಿರ್ ಅನ್ನುತ್ತಿತ್ತು, ಆರನೆಯದು ಗೋಡೆ ಕಡೆಗೆ ಕಾಲಿಟ್ಟರೆ ಸುಮ್ಮನಿರುತ್ತಿತ್ತು. ಮೇಲೆ ಚಕ್ಕುಲಿ ಡಬ್ಬ. ಅದನ್ನು ನಮ್ಮ ಮನೆಯಲ್ಲಿ ಯಾರೂ ಕಳ್ಳತನ ಅನ್ನುತ್ತಿರಲಿಲ್ಲ. ಹಾಗಾಗಿ ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ.

ಸ್ಕೈರಿಮ್‌ನ ಜನರಿಗೆ ಕಿವಿ ಚುರುಕು, ನೆನಪು ಮಾತ್ರ ಇಲ್ಲ. ಕತ್ತಲಲ್ಲಿ ಕೂತು ಒಬ್ಬ ದರೋಡೆಕೋರನ ಮೇಲೆ ಬಾಣ ಬಿಡಿ. ಕತ್ತಿ ಹಿರಿದು "ಯಾರಲ್ಲಿ?" ಅಂತ ಹುಡುಕಾಡುತ್ತಾನೆ. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ಕೂತಿದ್ದರೆ ಸಾಕು. ಯಾರೂ ಇಲ್ಲ ಅನ್ಸುತ್ತೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು ವಾಪಸ್ ಹೋಗಿ ಕೂರುತ್ತಾನೆ. ಬಾಣ ಇನ್ನೂ ಮೈಯಲ್ಲೇ ನೆಟ್ಟಿರುತ್ತದೆ.

ಬಕೆಟ್ಟಿನ ಕಥೆ ಇನ್ನೂ ಚೆನ್ನ. ಅಂಗಡಿಯವನ ತಲೆ ಮೇಲೆ ಬಕೆಟ್ ಮಗುಚಿಟ್ಟರೆ ಅವನು ಬೈಯುವುದಿಲ್ಲ, ತೆಗೆಯುವುದೂ ಇಲ್ಲ. ಹಾಗೇ ನಿಂತಿರುತ್ತಾನೆ. ನಾವು ಅವನ ಮುಂದೆಯೇ ಅಂಗಡಿ ಖಾಲಿ ಮಾಡಬಹುದು. ಕಾರಣ ಸರಳ. ಅವನ ಕಣ್ಣಿಂದ ನಮ್ಮ ತನಕ ಒಂದು ಗೆರೆ ಎಳೆದು, ನಡುವೆ ಏನಾದರೂ ಅಡ್ಡ ಇದೆಯಾ ಅಂತ ಆಟ ಲೆಕ್ಕ ಹಾಕುತ್ತದೆ. ಗೋಡೆ ಅಡ್ಡ ಇದ್ದರೂ ಅಷ್ಟೇ, ಬಕೆಟ್ ಅಡ್ಡ ಇದ್ದರೂ ಅಷ್ಟೇ. ನನ್ನ ತಲೆ ಮೇಲೆ ಬಕೆಟ್ ಯಾಕಿದೆ ಅಂತ ಕೇಳಿಕೊಳ್ಳುವ ಲೆಕ್ಕವನ್ನು ಯಾರೂ ಬರೆದಿರಲಿಲ್ಲ.

ಇಷ್ಟು ಮುಗ್ಧ ಅಂಗಡಿಯವನಿಗೆ ಎರಡು ಬೆಟ್ಟದ ಆಚೆಯ ಊರಿನಲ್ಲಿ ಕದ್ದ ಒಂದು ತಟ್ಟೆ ಮಾರಲು ಹೋಗಿ ನೋಡಿ. ಕದ್ದ ಮಾಲು ಬೇಡ! ಹೇಗೆ ಗೊತ್ತಾಯಿತು? ಮೂಸಿ ನೋಡಿದನೇ? ಕದ್ದ ವಸ್ತುವಿನ ಮೇಲೆ ಆಟ ಒಂದು ಗುರುತು ಹಾಕಿಬಿಟ್ಟಿರುತ್ತದೆ, ಸೂತಕದ ಹಾಗೆ. ನಗದಿಗೆ ಮಾತ್ರ ಈ ಸೂತಕ ಇಲ್ಲ. ಮಿಕ್ಕದ್ದನ್ನು ಮಾರಬೇಕಾದರೆ ರಿಫ್ಟನ್ ಅನ್ನುವ ಊರಿನ ಅಡಿಯ ಸುರಂಗದಲ್ಲಿರುವ ಕಳ್ಳರ ಸಂಘಕ್ಕೇ ಹೋಗಬೇಕು. ಈ ಸಂಘದವರು ಮನೆಗಳ ಬಾಗಿಲ ಪಕ್ಕ ಸಣ್ಣ ಗುರುತು ಕೆತ್ತಿರುತ್ತಾರೆ. ಇಲ್ಲಿ ಮಾಲಿದೆ, ಇಲ್ಲಿ ಅಪಾಯ, ಇಲ್ಲಿ ಏನೂ ಇಲ್ಲ ಮುಂದೆ ಹೋಗು. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯೂ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು, ನೆನಪಿದೆ ಅಲ್ವಾ? ರಾತ್ರಿ ಬರುವ ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ. ಕನ್ನಡ ಓದಲು ಬರುವ, ಹೇಳಿದ ಮಾತು ಕೇಳುವ ದೆವ್ವ. ಆ ಕಾಲವೇ ಬೇರೆ.

ಅಡಗುವ ವಿದ್ಯೆಯನ್ನು 100ರ ತನಕ ಬೆಳೆಸಬೇಕು. ಯಾರಾದರೂ ಹತ್ತಿರದಲ್ಲಿದ್ದು ನಮ್ಮನ್ನು ನೋಡದೇ ಇದ್ದರೆ ಮಾತ್ರ ಅದು ಬೆಳೆಯುತ್ತದೆ. ಇದಕ್ಕೊಂದು ಸೋಮಾರಿ ಉಪಾಯ ಇದೆ. ಯಾರದೋ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಗೋಡೆಗೆ ಮುಖ ಕೊಟ್ಟು, ನಡೆಯುವ ಕೀ ಒತ್ತಿ ಹಿಡಿಯುವುದು. ನಾನು ಕೀ ಮೇಲೆ ಒಂದು ಕಲ್ಲುಸಕ್ಕರೆ ಡಬ್ಬಿ ಇಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಅಮ್ಮ ಪರದೆ ಮುಂದೆ ನಿಂತಿದ್ದಳು. "ಯಾರೋ ಇದು, ಗೋಡೆಗೆ ತಲೆ ಕೊಟ್ಕೊಂಡು ಕೂತಿದೆ? ಹೊಟ್ಟೆನೋವೇನೋ, ಪಾಪ."

"ಪ್ರಾಕ್ಟೀಸ್ ಅಮ್ಮ."

"ಏನಕ್ಕೆ?"

ಏನಂತ ಹೇಳಲಿ?

ಆದರೆ ನಿಜವಾದ ಸುಖ ಇರುವುದು ಬೀಗದಲ್ಲಿ. ಪೆಟ್ಟಿಗೆಯ ಹತ್ತಿರ ಹೋಗಿ ಒತ್ತಿದರೆ ಇಡೀ ಲೋಕ ನಿಂತುಬಿಡುತ್ತದೆ. ಪರದೆ ತುಂಬ ಒಂದೇ ಒಂದು ಬೀಗ. ಅದರ ಬಾಯಲ್ಲಿ ಒಂದು ಸಣ್ಣ ಚಾಕು, ಒಂದು ಲಾಕ್‌ಪಿಕ್. ಲಾಕ್‌ಪಿಕ್ ಅಂದರೆ ಹೇರ್‌ಪಿನ್ನಿಗಿಂತ ಸ್ವಲ್ಪ ಗಟ್ಟಿ, ಅಷ್ಟೇ. ಮೌಸ್ ಸರಿಸಿ ಪಿಕ್ಕನ್ನು ಒಂದು ಕಡೆ ನಿಲ್ಲಿಸಬೇಕು, ಆಮೇಲೆ ಬೀಗ ತಿರುಗಿಸಬೇಕು. ಜಾಗ ತಪ್ಪಿದ್ದರೆ ಬೀಗ ಅಲ್ಲಾಡುವುದಿಲ್ಲ, ಪಿಕ್ ನಡುಗುತ್ತದೆ. ಹತ್ತಿರ ಇದ್ದರೆ ಬೀಗ ಕಾಲುಭಾಗ ತಿರುಗಿ ನಿಲ್ಲುತ್ತದೆ. ಇನ್ನೂ ಹತ್ತಿರ ಅಂದರೆ ಮುಕ್ಕಾಲು. ಒಂದು ಕೂದಲೆಳೆಯಷ್ಟು ಎಡಕ್ಕೆ. ಇನ್ನು ಸ್ವಲ್ಪ. ಟಪ್! ಮುರಿಯಿತು. ಜಾಗ ಮಾತ್ರ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಹೊಸ ಪಿಕ್ ಹಾಕಿ ಅದೇ ಜಾಗಕ್ಕೆ ವಾಪಸ್ ಬರಬೇಕು.

ನೋವಿಸ್‌ನಿಂದ ಮಾಸ್ಟರ್ ತನಕ ಐದು ದರ್ಜೆಯ ಬೀಗಗಳಿವೆ. ಮಾಸ್ಟರ್ ಬೀಗವೊಂದಕ್ಕೆ ನಾನು ಒಮ್ಮೆ 23 ಪಿಕ್ ಬಲಿ ಕೊಟ್ಟಿದ್ದೇನೆ. ತೆಗೆದರೆ ಒಳಗೆ ಸ್ವಲ್ಪ ಚಿಲ್ಲರೆ ಮತ್ತು ಒಂದು ಜೊತೆ ಚರ್ಮದ ಬೂಟು. ಬೇಜಾರಾಯಿತೇ ಅಂದರೆ, ಇಲ್ಲ. ಬೂಟು ಅಲ್ಲೇ ಬಿಟ್ಟು ಬಂದೆ.

ಬೇರೆ ಆಟಗಳಲ್ಲಿ ಬೇರೆ ತರಹ. ಇದಕ್ಕಿಂತ ಮುಂಚೆ, 2006ರಲ್ಲಿ ಬಂದ ಆಬ್ಲಿವಿಯನ್‌ನಲ್ಲಿ ಬೀಗದ ಒಳಗಿನ ಪಿನ್ನುಗಳನ್ನೇ ಒಂದೊಂದಾಗಿ ಮೇಲಕ್ಕೆ ಚಿಮ್ಮಿಸಿ, ಬೀಳುವ ಮುಂಚೆ ಹಿಡಿಯಬೇಕಿತ್ತು. 2018ರ ಕಿಂಗ್‌ಡಮ್ ಕಮ್: ಡೆಲಿವರೆನ್ಸ್‌ನಲ್ಲಿ ಡ್ರ್ಯಾಗನ್ ಇಲ್ಲ, ಮಂತ್ರ ಇಲ್ಲ. 1403ರ ಬೊಹೀಮಿಯಾ, ಅಂದರೆ ಈಗಿನ ಚೆಕ್ ದೇಶದ ಕಡೆ, ಕಮ್ಮಾರನ ಮಗ ಹೆನ್ರಿ. ಅಲ್ಲಿ ಬೀಗ ತಿರುಗುತ್ತಿದ್ದ ಹಾಗೆ ಸರಿಯಾದ ಜಾಗವೂ ಅದರ ಜೊತೆ ತಿರುಗುತ್ತದೆ. ಒಂದು ಕೈಯಲ್ಲಿ ಅದನ್ನು ಹಿಂಬಾಲಿಸುತ್ತಾ ಇನ್ನೊಂದು ಕೈಯಲ್ಲಿ ಬೀಗ ತಿರುಗಿಸಬೇಕು. ಒಂದು ಕೈಯಲ್ಲಿ ದೋಸೆ ಹುಯ್ಯುತ್ತಾ ಇನ್ನೊಂದರಲ್ಲಿ ರಂಗೋಲಿ ಎಳೆದ ಹಾಗೆ. ನನ್ನ ಕೈಲಿ ಆಗಲಿಲ್ಲ. ಆ ಊರಿನವರು ನೆಮ್ಮದಿಯಾಗಿದ್ದಾರೆ.

ಇಷ್ಟೆಲ್ಲ ಪಳಗಿದ ಕಳ್ಳ ಒಂದು ಭಾನುವಾರ ತನ್ನ ಮನೆಯ ಕೀ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ. ಅಮ್ಮ ಊರಿಗೆ ಹೋಗಿದ್ದಳು. ಅಲ್ಲಾಡಿಸಿದೆ, ಸೇಫ್ಟಿ ಪಿನ್ ತೂರಿಸಿದೆ, ಪಿನ್ನು ಸೊಟ್ಟಗಾಯಿತು. ಕೊನೆಗೆ ಸರ್ಕಲ್ಲಿನ ಮರದ ಕೆಳಗೆ ಡೂಪ್ಲಿಕೇಟ್ ಕೀ ಮಾಡಿಕೊಡುವವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದೆ. ಬಾಗಿಲ ಮುಂದೆ ಅವರೂ ಕುಕ್ಕರುಗಾಲಿನಲ್ಲೇ ಕೂತರು. ನನಗೆ ರೋಮಾಂಚನ.

"ಮನೆ ನಿಮ್ದೇ ತಾನೇ ಸಾರ್?"

"ಹೌದು ಯಜಮಾನ್ರೆ."

ಅವರು ನನ್ನ ಮಾತು ನಂಬಲಿಲ್ಲ. ಎದುರುಮನೆ ಆಂಟಿಯನ್ನು ಕರೆದು ಕೇಳಿದರು. ಆಂಟಿ ಹೂಂ ಅಂದ ಮೇಲೆಯೇ ಚೀಲ ಬಿಚ್ಚಿದ್ದು. ಬಗ್ಗಿಸಿದ ಒಂದು ತಂತಿ, ಚಪ್ಪಟೆಯಾದ ಒಂದು ಪಟ್ಟಿ. ಪಟ್ಟಿಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿದರು, ತಂತಿ ತೂರಿಸಿದರು. ಆಮೇಲೆ ಬೀಗದ ಕಡೆ ನೋಡಲೇ ಇಲ್ಲ. ರಸ್ತೆ ಕಡೆ ಮುಖ ತಿರುಗಿಸಿ, ಹೋಗುತ್ತಿದ್ದ ಒಂದು ಆಟೋವನ್ನು ನೋಡುತ್ತಾ ಕೂತರು. ಬೆರಳು ಮಾತ್ರ ಒಂದು ಸಲ, ಎರಡು ಸಲ, ಇಷ್ಟೇ ಇಷ್ಟು ಅಲುಗಿದ್ದು. ಕ್ಳಕ್. ಆಟೋ ಇನ್ನೂ ತಿರುವು ದಾಟಿರಲಿಲ್ಲ.

"ನೋಡದೇ ಹೇಗೆ ತೆಗೆದ್ರಿ?"

"ಒಳಗೇನ್ ಕಾಣತ್ತೆ ಸಾರ್ ನೋಡೋಕೆ? ಬೆರಳಿಗೆ ಗೊತ್ತಾಗತ್ತೆ."

ಇನ್ನೂರು ರೂಪಾಯಿ ಕೊಟ್ಟೆ. ಐನೂರು ಕೇಳಿದ್ದರೂ ಕೊಡುತ್ತಿದ್ದೆ.

ಲಂಡನ್ನಿನಲ್ಲಿ ಬ್ರಾಮಾ ಅನ್ನುವ ಬೀಗದ ಕಂಪನಿ ತನ್ನ ಅಂಗಡಿ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಇದನ್ನು ಕೀ ಇಲ್ಲದೇ ತೆಗೆದವರಿಗೆ 200 ಗಿನಿ (ಆಗಿನ ಇಂಗ್ಲೆಂಡಿನ ದುಡ್ಡು) ಬಹುಮಾನ ಅಂತ ಬೋರ್ಡ್ ಹಾಕಿತ್ತು. ಹತ್ತಾರು ವರ್ಷ ಯಾರ ಕೈಲೂ ಆಗಿರಲಿಲ್ಲ. 1851ರಲ್ಲಿ ಅಮೆರಿಕದಿಂದ ಹಾಬ್ಸ್ ಅನ್ನುವವನು ಬಂದ. ಅವನೂ ಬೀಗದ ವ್ಯಾಪಾರದವನೇ. 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ತೆಗೆದೇಬಿಟ್ಟ. ನನಗೆ ಇಷ್ಟವಾದದ್ದು ಏನು ಗೊತ್ತಾ? ಆ ಬೀಗದ ಹಿಂದೆ ಪೆಟ್ಟಿಗೆಯೂ ಇಲ್ಲ, ಬಾಗಿಲೂ ಇಲ್ಲ. ಸುಮ್ನೆ ಒಂದು ಬೀಗ. ಬಹುಮಾನ ಸಿಕ್ಕಿತು, ಅವನ ವ್ಯಾಪಾರಕ್ಕೆ ಹೆಸರೂ ಬಂತು, ನಿಜ. ಆದರೆ 51 ಗಂಟೆ ಬರೀ ದುಡ್ಡಿಗಾಗಿ ಕೂತ ಅಂತ 23 ಪಿಕ್ ಮುರಿದ ನಾನಂತೂ ನಂಬುವುದಿಲ್ಲ.

ಸ್ಕೈರಿಮ್‌ನಲ್ಲಿ ಮುರಿಯದ ಒಂದು ಪಿಕ್ ಇದೆ. ಸ್ಕೆಲಿಟನ್ ಕೀ. ಕತ್ತಲ ದೇವತೆ ನಾಕ್ಟರ್ನಲ್‌ಳದು. ಕಳ್ಳರ ಸಂಘದ ಯಜಮಾನನೇ ಅದನ್ನು ಕದ್ದಿರುತ್ತಾನೆ. ಅವನನ್ನು ಹೊಡೆದು, ಕೀ ಕಿತ್ತುಕೊಂಡು, ದೇವಿಯ ಗುಡಿಗೆ ತಲುಪಿಸುವ ಕೆಲಸ ನಮ್ಮದು. ಹೊಡೆದೆ, ಕಿತ್ತುಕೊಂಡೆ. ಅಲ್ಲಿಂದ ಈಚೆಗೆ ಬೀಗ ತೆಗೆಯುವಾಗ ಎದೆ ಹೊಡೆದುಕೊಳ್ಳುವುದು ನಿಂತಿದೆ. ಎಲ್ಲೆಂದರಲ್ಲಿ ತಿರುಗಿಸು, ಮುರಿಯುವ ಮಾತೇ ಇಲ್ಲ. ಮಾಸ್ಟರ್ ಬೀಗವೂ ಸ್ಟೀಲ್ ಬೀರುವಿನ ಹಿಡಿಯ ಹಾಗೆ. ಹಾಗಿದ್ದರೆ ವಾಪಸ್ ಕೊಟ್ಟುಬಿಡಬಹುದಲ್ಲ? ಕೊಡಬೇಕು. ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಆ ಸಾಲು ಆರು ವರ್ಷದಿಂದ ಹಾಗೇ ಇದೆ. ದೇವಿಯೂ ಒಂದು ಮಾತು ಕೇಳಿಲ್ಲ.

ಮೊನ್ನೆ ಅಮ್ಮ ಹಿಂದೆ ನಿಂತು ಆ ಸಾಲು ತೋರಿಸಿ ಏನೋ ಅದು ಅಂದಳು. ಹೇಳಿದೆ.

"ಅಯ್ಯೋ, ಬೇರೆಯವ್ರ ವಸ್ತು ಅಷ್ಟು ದಿನ ಇಟ್ಕೋತಾರೇನೋ? ನಾಳೆನೇ ಕೊಟ್ಟು ಬಾ."

ಅಡುಗೆಮನೆಯಿಂದ ಬಂದಿದ್ದಳು, ಕೈಯಲ್ಲಿ ಸಾಸಿವೆ ಡಬ್ಬಿ ಇತ್ತು. ಎದುರುಮನೆ ಆಂಟಿ ಹೋದ ವರ್ಷ ದೀಪಾವಳಿಗೆ ಕಜ್ಜಾಯ ಹಾಕಿ ಕೊಟ್ಟಿದ್ದ ಡಬ್ಬಿ.